ಬೋರ್ಡ್ ಮೇಷ್ಟ್ರ ಬೆನ್ನು

ಆ ಸರಕಾರಿ ಹೈಸ್ಕೂಲಿನಲ್ಲಿ ಓದಿದ ಯಾರನ್ನಾದರೂ ನಿಲ್ಲಿಸಿ, ನಿಮ್ಮ ಲೆಕ್ಕದ ಮೇಷ್ಟ್ರು ನೋಡುವುದಕ್ಕೆ ಹೇಗಿದ್ದರು ಎಂದು ಕೇಳಿದರೆ, ಅವರು ಮೊದಲು ವರ್ಣಿಸುವುದು ಮೇಷ್ಟ್ರ ಬೆನ್ನನ್ನು. ತಿಳಿನೀಲಿ ಅಂಗಿ, ಎಡಕ್ಕೆ ತುಸು ವಾಲಿದ ಕಾಲರು, ಬಲಗೈ ಮೇಲೆದ್ದಾಗ ಭುಜದ ಕೆಳಗೆ ಮೂಡಿ ಕೈ ಇಳಿದಾಗ ಮಾಯವಾಗುವ ಒಂದು ನೆರಿಗೆ. ಮುಖಕ್ಕೆ ಮೀಸೆ ಇತ್ತೋ ಇಲ್ಲವೋ ಎಂದರೆ ಅರ್ಧ ಜನ ತಡವರಿಸುತ್ತಾರೆ. ಮೀಸೆ ಇತ್ತು, ಚೆನ್ನಾಗಿಯೇ ಇತ್ತು. ಆದರೆ ಬೋರ್ಡಿನ ಮುಂದೆ ನಿಂತ ಬೆನ್ನಿನ ಎದುರು ಪಾಪ ಅದು ಯಾರ ಕಣ್ಣಿಗೆ ಬೀಳಬೇಕು.

ಅವರನ್ನು ಎಲ್ಲರೂ ಬೋರ್ಡ್ ಮೇಷ್ಟ್ರು ಎನ್ನುತ್ತಿದ್ದರು. ಅವರ ತಂದೆ ಅಂಗಡಿಗಳ ನಾಮಫಲಕ ಬರೆಯುತ್ತಿದ್ದವರು. ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಕುಂಚ ಹಿಡಿದು, ದಾರ ಕಟ್ಟದೆ, ಅಳತೆಪಟ್ಟಿ ಇಡದೆ ಗೋಡೆಯ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಗೆರೆ ಎಳೆಯುತ್ತಿದ್ದರು. "ಗೆರೆ ಮುಗಿಯೋವರೆಗೂ ಹಿಂದೆ ತಿರುಗಬೇಡ ಮಗನೇ. ತಿರುಗಿದೆಯೋ, ಕೈ ಇಳಿಯಿತು ಅಂತ ತಿಳ್ಕೋ" ಎಂದು ಏಣಿ ಹಿಡಿದು ನಿಂತ ಮಗನಿಗೆ ಹೇಳಿದ್ದರು. ಮಗ ಕುಂಚ ಹಿಡಿಯಲಿಲ್ಲ, ಚಾಕ್‌ಪೀಸು ಹಿಡಿದ. ಮಾತನ್ನು ಮಾತ್ರ ಬಿಡಲಿಲ್ಲ. ಬೋರ್ಡಿಗೆ ಕೈ ಹಚ್ಚಿದರೆ ಮುಗಿಯಿತು, ಕೊನೆಯ ಸಾಲಿನ ಕೊನೆಯ ಚುಕ್ಕೆ ಬೀಳುವವರೆಗೆ ಅವರು ಈ ಲೋಕಕ್ಕೆ ಮರಳುತ್ತಿರಲಿಲ್ಲ.

ಪಾಠ ಮಾಡುವುದಕ್ಕೂ ಅವರದೇ ಒಂದು ಪದ್ಧತಿ ಇತ್ತು. ಒಳಗೆ ಬಂದವರೇ ಬೆಂಚುಗಳ ಕಡೆ ಕಣ್ಣು ಹಾಯಿಸದೆ, ಮೊದಲು ಹೊಸ ಲೆಕ್ಕದ ದಾರಿಯನ್ನು ಬೋರ್ಡಿನ ತುಂಬ ಬಿಡಿಸಿ ಬರೆಯುವರು. ಬರೆಯುತ್ತಲೇ ಬೋರ್ಡಿಗೆ ಕಥೆ ಹೇಳಿದಂತೆ ವಿವರಿಸುವರು. ಆಗ ಮಕ್ಕಳು ಪೆನ್ನು ಮುಟ್ಟುವಂತಿಲ್ಲ. "ನೋಡಿ, ಬರೀಬೇಡಿ. ಕೈ ಓಡಿದರೆ ಕಣ್ಣು ನಿಂತುಹೋಗುತ್ತೆ" ಎನ್ನುವರು. ದಾರಿ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಬೋರ್ಡನ್ನು ಕನ್ನಡಿಯಂತೆ ಒರೆಸಿ, ಅಲ್ಲಿ ಲೆಕ್ಕಗಳನ್ನು ಬರೆದು, ಆಮೇಲೆ ತಿರುಗಿ ತರಗತಿಯನ್ನು ನೋಡುವರು. ಹಾಜರಿ ಕೂಗುವುದು ಆಗಲೇ. ಬೆಳಗಿನ ಮೊದಲ ತಾಜಾ ಗಳಿಗೆಯನ್ನು ಹೆಸರು ಕೂಗುವುದರಲ್ಲಿ ಕಳೆಯಬಾರದು ಎಂಬುದು ಅವರ ನಂಬಿಕೆ.

ಬೆಳಗಿನ ಗಳಿಗೆಯ ಮೇಲೆ ಅವರಿಗೆ ಅಂಥ ಪ್ರೀತಿ. ನಿದ್ದೆಯಿಂದ ಎದ್ದ ತಲೆ ಆಗತಾನೇ ತೊಳೆದ ಬೋರ್ಡು ಎಂದು ಹೇಳುತ್ತ, ಹತ್ತನೇ ತರಗತಿಗೆ ಲೆಕ್ಕದ ಪೀರಿಯಡ್ಡನ್ನು ಶಾಲೆಯ ಗಂಟೆಗೂ ಮುಂಚೆ ಇಡಿಸಿಕೊಂಡಿದ್ದರು. ಕೆಲವು ವರ್ಷಗಳಿಂದ ಹಾಗೇ ನಡೆದಿತ್ತು. ಬೇರೆ ತರಗತಿಯ ಮಕ್ಕಳು ಇನ್ನೂ ಮನೆಯಲ್ಲಿ ಬೂಟಿನ ಲೇಸು ಹುಡುಕುತ್ತಿರುವಾಗ, ಖಾಲಿ ಕಟ್ಟಡದ ಒಂದೇ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಅದಕ್ಕಾಗಿ ಮೇಷ್ಟ್ರು ಬೇಗ ಏಳುತ್ತಿದ್ದರು, ಯಾರೂ ಕೇಳದೆ, ತಮ್ಮ ಖುಷಿಗೆ. ಪರೀಕ್ಷೆ ಬರೆಯುವ ಮಕ್ಕಳಿಗೆ ತಾವು ಮಾಡಬಹುದಾದ ದೊಡ್ಡ ಉಪಕಾರ ಇದೇ ಎಂದು ಅವರು ತಿಳಿದಿದ್ದರು.

ಶಾಲೆಯ ಹಿಂದೆ ಸ್ವಲ್ಪ ದೂರದಲ್ಲಿ ರೈಲು ಹಳಿ. ಹಳಿಯ ಈಚೆಗೆ ಹಳೆಯ ಪೇಟೆ: ದರ್ಜಿಗಳು, ಗುಮಾಸ್ತರು, ನರ್ಸುಗಳು, ಅಂಗಡಿಯವರು. ಆಚೆಗೆ ಈಚಿನ ವರ್ಷಗಳಲ್ಲಿ ಎದ್ದ ಬಡಾವಣೆ: ಗೂಡ್ಸ್ ಯಾರ್ಡಿನಲ್ಲಿ ಲೋಡು ಹೊರುವವರು, ಪ್ಯಾಕಿಂಗ್ ಶೆಡ್ಡಿನಲ್ಲಿ ರಾತ್ರಿ ಪಾಳಿ ಮಾಡುವ ಹೆಂಗಸರು, ಎಲ್ಲೆಲ್ಲಿಂದಲೋ ಬಂದು ಒಬ್ಬೊಬ್ಬರೂ ಮನೆಯಲ್ಲಿ ಒಂದೊಂದು ಭಾಷೆ ಆಡುವವರು. ಹತ್ತನೇ ತರಗತಿಯಲ್ಲಿ ಈಗ ಹೆಚ್ಚು ಕಡಿಮೆ ಅರ್ಧ ಮಕ್ಕಳು ಹಳಿಯಾಚೆಯವರೇ.

ಆ ವರ್ಷ ಮಧ್ಯಾವಧಿಗೆ ಮುಂಚೆ ಹೆಡ್‌ಮಿಸ್ಟ್ರೆಸ್ಸು ಮೇಷ್ಟ್ರನ್ನು ಕರೆದು ಎದುರು ಕೂರಿಸಿದರು. ಆಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಾತು ಕಡಿಮೆ, ಕನ್ನಡಕ ಮಾತ್ರ ದಿನಕ್ಕೆ ನೂರು ಸಲ ಹಣೆಗೇರಿ ಮೂಗಿಗಿಳಿಯುತ್ತಿತ್ತು.

"ಮೇಷ್ಟ್ರೇ, ಮೇಲಿನ ಕಚೇರಿಯವರು ನಮ್ಮ ಫಲಿತಾಂಶ ಬಿಡಿಸಿ ನೋಡಿದ್ದಾರೆ. ಹುಡುಗರು ಹುಡುಗಿಯರು ಅಂತ, ತಂದೆ ತಾಯಿ ಏನು ಕೆಲಸ ಮಾಡ್ತಾರೆ ಅಂತ, ಮನೆಯಲ್ಲಿ ಯಾವ ಭಾಷೆ ಅಂತ, ಯಾವ ಬಡಾವಣೆ ಅಂತ. ಎಲ್ಲಾ ವಿಷಯದಲ್ಲೂ ಅಷ್ಟಿಷ್ಟು ಏರುಪೇರು. ಆದರೆ ಹತ್ತನೇ ಲೆಕ್ಕದಲ್ಲಿ ಹಳಿಯಾಚೆ ಮಕ್ಕಳು ಪೂರ್ತಿ ನೆಲ ಕಚ್ಚಿದ್ದಾರೆ."

"ಗೊತ್ತು ಮೇಡಂ." ಮೇಷ್ಟ್ರ ದನಿ ಸಣ್ಣದಾಯಿತು. ಇದು ಅವರ ಎದೆಯಲ್ಲಿ ಕೆಲವು ವರ್ಷಗಳಿಂದ ಕೂತ ಮುಳ್ಳು.

"ಅವರಿಗೆ ಸರಳ ಗಣಿತ ಅಂತ ಬೇರೆ ಸೆಕ್ಷನ್ ಮಾಡಿ ಅಂತಾರೆ. ಪಾಸಂತೂ ಆಗ್ತಾರೆ. ಆದರೆ ಸರಳ ಗಣಿತ ತಗೊಂಡವರಿಗೆ ಮುಂದೆ ಟೆಕ್ನಿಕಲ್ ಕೋರ್ಸಿನ ಬಾಗಿಲು ಮುಚ್ಚಿದ ಹಾಗೆ. ಶುಕ್ರವಾರ ಮೀಟಿಂಗು. ನಿಮ್ಮ ಮಾತಿನ ಮೇಲೆ ನಿಂತಿದೆ. ಯೋಚನೆ ಮಾಡಿ."

ಮೇಷ್ಟ್ರು ಯೋಚನೆ ಮಾಡಿದರು. ಸ್ಟಾಫ್ ರೂಮಿನಲ್ಲಿ ಸಮಾಜ ವಿಜ್ಞಾನದವರು ಹೇಳುತ್ತಿದ್ದ ಮಾತು ಅವರಿಗೆ ನೆನಪಾಯಿತು: "ನಮ್ಮ ವಿಷಯ ಗಿಳಿಪಾಠ ಒಪ್ಪಿಸಿ ದಾಟಬಹುದು ಮಾರಾಯ್ರೇ. ಲೆಕ್ಕಕ್ಕೆ ಮನೆಯಲ್ಲಿ ಹೇಳಿಕೊಡೋರು ಬೇಕು. ಆ ಪಾಪದವರಿಗೆ ಕೂರೋಕೇ ಜಾಗ ಇಲ್ಲ." ಒಂಬತ್ತನೆಯದರಲ್ಲಿ ಅದೇ ಮಕ್ಕಳು ಸುಮಾರಾಗಿ ಪಾಸಾಗಿದ್ದರು, ನಿಜ. ಹತ್ತರ ಲೆಕ್ಕ ಕಷ್ಟ, ಏದುಸಿರು ಬರುತ್ತದೆ ಎಂದು ಎಲ್ಲರೂ ಅದಕ್ಕೊಂದು ಸಮಾಧಾನ ಹೇಳಿಕೊಂಡಿದ್ದರು. ಹೌದೆನ್ನುವುದೇ ವಾಸಿಯೇನೋ ಎಂದು ಮೇಷ್ಟ್ರಿಗೂ ಅನಿಸತೊಡಗಿತು. ಫೇಲಾಗಿ ಮನೆಗೆ ಹೋಗುವುದಕ್ಕಿಂತ ಪಾಸಾಗಿ ಹೋಗಲಿ. ಹಾಗೆಂದುಕೊಂಡ ದಿನ ಅವರಿಗೆ ಊಟ ರುಚಿಸಲಿಲ್ಲ.

ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವ ಅವರ ಹೆಂಡತಿ ತಟ್ಟೆ ನೋಡಿ ಕೇಳಿದರು. "ಏನ್ರೀ, ಯಾರ ಮೇಲೆ ಮುನಿಸು?"

"ನನ್ನ ಮೇಲೇ ಅಂದ್ಕೋ."

"ಹಾಗಿದ್ರೆ ಸರಿ. ಪಾತ್ರೆ ತೊಳೆಯೋದು ತಪ್ಪಿಸ್ಕೋಬೇಡಿ."

ಆ ವಾರವೇ ಅವರ ಬಲಭುಜ ಹಿಡಿದುಕೊಂಡಿತು. ಒಂದು ಬೆಳಗ್ಗೆ ಎದ್ದು ಕೈ ಎತ್ತಿದರೆ ಕಿವಿಯ ಮಟ್ಟಕ್ಕಿಂತ ಮೇಲೆ ಹೋಗಲೊಲ್ಲದು. ಹೆಂಡತಿ ಬಿಸಿನೀರಿನ ಚೀಲ ಇಟ್ಟು, ಅಂಗಿ ತೊಡಿಸಿ, ರಜ ಹಾಕಿ ಎಂದರು. ಮೇಷ್ಟ್ರು ಕೇಳಿಯಾರೇ. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಎಂದಿನ ಹೊತ್ತಿಗೇ ತರಗತಿಗೆ ಹೋದರು.

ಬೋರ್ಡು ನೋಡಿದರು, ಭುಜ ನೋಡಿದರು. ಕೊನೆಗೆ ದುಂಡಗೆ ಬರೆಯುವ ಮಾನಿಟರ್ ಹುಡುಗಿಯನ್ನು ಕರೆದು ಚಾಕ್‌ಪೀಸು ಕೊಟ್ಟರು. ತಾವು ಕುರ್ಚಿ ಎಳೆದು ಬೋರ್ಡಿಗೆ ಬೆನ್ನು ಮಾಡಿ, ತರಗತಿಗೆ ಮುಖ ಮಾಡಿ ಕೂತರು.

ತರಗತಿ ಅರ್ಧ ಖಾಲಿ ಇತ್ತು.

ಮೊದಲು ಅವರಿಗೆ ತಾವೇ ಬೇಗ ಬಂದೆವೇನೋ ಅನಿಸಿತು. ಗೋಡೆಯ ಗಡಿಯಾರ ನೋಡಿದರು. ಕಿಟಕಿಯ ಕಡೆಯ ಬೆಂಚುಗಳೆಲ್ಲ ತುಂಬಿದ್ದವು, ಹಿಂಬಾಗಿಲಿನ ಕಡೆಯ ಬೆಂಚುಗಳೆಲ್ಲ ಬರಿದು. ಇದ್ದ ಮಕ್ಕಳು ಮೇಷ್ಟ್ರ ಮುಖವನ್ನು, ಆ ಹೊತ್ತಿನಲ್ಲಿ ಎಂದೂ ಕಾಣದ ಮುಖವನ್ನು, ಗಾಬರಿಯಿಂದ ನೋಡುತ್ತಿದ್ದರು.

"ಉಳಿದವರೆಲ್ಲಿ?"

ಮಾನಿಟರ್ ಹುಡುಗಿ ಚಾಕ್‌ಪೀಸನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದಳು.

"ಏನಮ್ಮಾ, ಊರಿಗೆಲ್ಲಾ ಜ್ವರ ಬಂತಾ?"

"ಬರ್ತಾರೆ ಸಾರ್" ಎಂದಳು ಅವಳು, ಬೋರ್ಡಿನ ಮೂಲೆಗೆ ಹೇಳುವಂತೆ.

ಮೇಷ್ಟ್ರು ಪಾಠ ಶುರು ಮಾಡಿದರು. ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. ದಾರಿ ಮುಗಿಯುವುದಕ್ಕೆ ಎರಡು ಸಾಲು ಇದೆ ಎನ್ನುವಾಗ ಹಿಂಬಾಗಿಲು ಸದ್ದಿಲ್ಲದೆ ತೆರೆಯಿತು. ಕೀಲುಗಳಿಗೆ ಎಣ್ಣೆ ಬಿಟ್ಟಿದ್ದರು, ಅದು ಆಮೇಲೆ ತಿಳಿದದ್ದು. ಬಾಗಿಲ ಸಂದಿಯಿಂದ ಬೂಟು ಕೈಯಲ್ಲಿ ಹಿಡಿದ ಹುಡುಗಿಯೊಬ್ಬಳು ಬಗ್ಗಿಕೊಂಡು ಒಳಗೆ ಹೆಜ್ಜೆ ಇಟ್ಟಳು. ತಲೆ ಎತ್ತಿದಳು. ಎದುರಿಗೆ ಬೆನ್ನಿರಬೇಕಾದ ಜಾಗದಲ್ಲಿ ಮೀಸೆ ಕಂಡು ಕಲ್ಲಾದಳು. ಅವಳ ಹಿಂದಿನವರಿಗೆ ಅದು ತಿಳಿಯದು. ತಳ್ಳಿದರು. ಬೂಟು ಹಿಡಿದ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಮುಗ್ಗರಿಸಿ ಒಳಗೆ ಬಿದ್ದರು.

ಮೊದಲು ಬಂದ ಹುಡುಗಿಗೆ ತರಗತಿಯಲ್ಲಿ ಲಾಯರಮ್ಮ ಎಂದು ಹೆಸರು. ಎಲ್ಲದಕ್ಕೂ ವಾದ. ತಂದೆ ಯಾರ್ಡಿನಲ್ಲಿ ಲೋಡಿನವರು, ತಾಯಿ ಶೆಡ್ಡಿನಲ್ಲಿ ರಾತ್ರಿ ಪಾಳಿ. ಅವಳು ಎದ್ದು, ಬೂಟನ್ನು ಬೆನ್ನ ಹಿಂದೆ ಮರೆಮಾಡಿ ನಿಂತಳು.

"ಇದೇನಮ್ಮ ಮೆರವಣಿಗೆ?"

"ತಡ ಆಯ್ತು ಸಾರ್."

"ಎಲ್ಲರಿಗೂ ಒಟ್ಟಿಗೆ?"

"ಗೇಟು ಒಂದೇ ಅಲ್ವಾ ಸಾರ್."

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ನಗಲಿಲ್ಲ, ರೇಗಲೂ ಇಲ್ಲ. "ಇವತ್ತಷ್ಟೇನಾ?" ಎಂದು ಕೇಳಿದರು. ಕಿಟಕಿ ಕಡೆಯ ಮಕ್ಕಳೂ ಬಾಗಿಲ ಕಡೆಯ ಮಕ್ಕಳೂ ಒಟ್ಟಿಗೇ ತಲೆ ತಗ್ಗಿಸಿದರು.

"ಹೇಳಮ್ಮ. ನಿನಗೆ ಮಾತಿಗೇನು ಬರ."

ಲಾಯರಮ್ಮ ಬೂಟನ್ನು ಕೆಳಗಿಟ್ಟಳು. "ದಿನಾ ಸಾರ್. ಅಮ್ಮಂದಿರು ಪಾಳಿ ಮುಗಿಸಿ ಬರೋವರೆಗೆ ತಮ್ಮ ತಂಗಿಯರನ್ನ ಬಿಟ್ಟು ಬರೋ ಹಾಗಿಲ್ಲ. ಅವರ ಕೈಗೆ ಕೊಟ್ಟು ಓಡಿ ಬಂದ್ರೆ ಗೂಡ್ಸ್ ಗಾಡಿ ಬಂದಿರುತ್ತೆ. ಗೇಟು ಬಿದ್ದಿರುತ್ತೆ. ಅದು ಹೋಗೋ ಗಾಡಿನೂ ಅಲ್ಲ, ನಿಲ್ಲೋ ಗಾಡಿನೂ ಅಲ್ಲ ಸಾರ್. ಹಿಂದೆ ಹೋಗುತ್ತೆ, ಮುಂದೆ ಬರುತ್ತೆ. ಶಾಲೆ ಗಂಟೆ ಹೊತ್ತಿಗಾದ್ರೆ ತೆಗೆದಿರುತ್ತೆ. ನಿಮ್ಮ ಪೀರಿಯಡ್ ಹೊತ್ತಿಗೆ ಮಾತ್ರ…"

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ತಡವಾದ್ರೆ ಮನೆಯವರನ್ನ ಕರ್ಕೊಂಡು ಬಾ ಅಂತಾರಲ್ಲ ಸಾರ್ ಇಲ್ಲಿ. ಅಪ್ಪ ಬಂದ್ರೆ ಆವತ್ತಿನ ಕೂಲಿ ಹೋಯ್ತು. ಅಮ್ಮ ಬಂದ್ರೆ ಆವತ್ತಿನ ನಿದ್ದೆ ಹೋಯ್ತು." ಸ್ವಲ್ಪ ತಡೆದು, ತನ್ನ ಕಡೆಯ ಇನ್ನೊಂದು ಸಾಕ್ಷಿ ಹಾಜರುಪಡಿಸುವವಳಂತೆ ಸೇರಿಸಿದಳು: "ನೀವೂ ತಿರುಗಿ ನೋಡ್ತಿರಲಿಲ್ಲ."

ಮಾನಿಟರ್ ಹುಡುಗಿ ಆಗ ಮೆಲ್ಲಗೆ ಬಾಯಿ ಹಾಕಿದಳು. "ನಾವೂ ಹೇಳಲಿಲ್ಲ ಸಾರ್. ಹೇಳಿದ್ರೆ ಅವರಿಗೆ ಬೈಗುಳ. ಬಾಗಿಲಿಗೆ ಎಣ್ಣೆ ಹಾಕಿದ್ದು ನಾನೇ."

ಮೇಷ್ಟ್ರು ಹಿಂದಕ್ಕೆ ತಿರುಗಿ ಬೋರ್ಡು ನೋಡಿದರು. ಲೆಕ್ಕದ ದಾರಿ ಮೇಲಿನಿಂದ ಕೆಳಗಿನವರೆಗೆ ಇಳಿದು ಬಂದು ನಿಂತಿತ್ತು. ಇನ್ನೇನು ಒರೆಸುವ ಹೊತ್ತು.

"ನೀವು ಬರೋಷ್ಟರಲ್ಲಿ ಇಲ್ಲಿ ಏನಿರುತ್ತಮ್ಮ?"

"ಲೆಕ್ಕ ಇರುತ್ತೆ ಸಾರ್. ಅದು ಎಲ್ಲಿಂದ ಬಂತು ಅನ್ನೋದು ಇರಲ್ಲ. ಇವರನ್ನ ಕೇಳಿದ್ರೆ, ಮೇಷ್ಟ್ರು ಹೇಳುವಾಗ ಚೆನ್ನಾಗಿ ಅರ್ಥ ಆಯ್ತು, ಆದ್ರೆ ಬರ್ಕೊಂಡಿಲ್ಲ ಅಂತಾರೆ. ಕಥೆನ ಮಧ್ಯದಿಂದ ಕೇಳಿದ ಹಾಗಿರುತ್ತೆ ಸಾರ್. ರಾಜ ಸತ್ತ ಅಂತೀರಿ. ಯಾವ ರಾಜ ಅಂತ ನಮಗೇನು ಗೊತ್ತು."

ಆ ದಿನ ಬೋರ್ಡನ್ನು ಒರೆಸಲಿಲ್ಲ. ಬಂದವರೆಲ್ಲ ಕೂತು, ಬೂಟು ಹಾಕಿಕೊಂಡು, ಅದನ್ನು ಮೇಲಿನ ಸಾಲಿನಿಂದ ನೋಡಿದರು. ಮೇಷ್ಟ್ರು ಮತ್ತೊಮ್ಮೆ ಹೇಳಿದರು, ಈ ಸಲ ಬೋರ್ಡಿಗಲ್ಲ, ಅವರಿಗೆ. ಅವರ ಮುಖಗಳ ಮೇಲೆ ಮೋಡ ಸರಿದಂತೆ ಏನೋ ಸರಿಯುವುದು ಕುರ್ಚಿಯಿಂದ ಕಾಣುತ್ತಿತ್ತು. ಇಷ್ಟು ವರ್ಷ ಪಾಠ ಮಾಡಿದವರು, ಅರ್ಥವಾಗುವ ಗಳಿಗೆಯಲ್ಲಿ ಮಕ್ಕಳ ಮುಖ ಹೇಗಿರುತ್ತದೆ ಎಂಬುದನ್ನು ಅವರು ಆವತ್ತೇ ಮೊದಲು ಕಂಡದ್ದು.

ಮಾತು ನಂಬಲಿಲ್ಲವೆಂದಲ್ಲ, ಆದರೂ ಮರುದಿನ ಪಾಠ ಶುರುವಾಗುವ ಮುಂಚೆ ಅವರು ರೈಲ್ವೆ ಗೇಟಿಗೆ ನಡೆದು ಹೋದರು. ಗೇಟು ಬಿದ್ದಿತ್ತು. ಕಂದು ಬಣ್ಣದ ಡಬ್ಬಿಗಳು ಒಂದರ ಹಿಂದೊಂದು ಹೋದವು, ಕಿರುಗುಟ್ಟಿ ನಿಂತವು, ಯೋಚಿಸಿದವು, ಹಿಂದಕ್ಕೆ ಬಂದವು. ಡಬ್ಬಿಗಳ ನಡುವಿನ ಸಂದಿಯಲ್ಲಿ ಆಚೆ ದಡದ ಸಮವಸ್ತ್ರಗಳು ಕಂಡು ಕಂಡು ಮರೆಯಾದವು. ಒಬ್ಬಳು ಗೇಟಿನ ಕಂಬಕ್ಕೆ ಪುಸ್ತಕ ಒರಗಿಸಿಕೊಂಡು ಓದುತ್ತಿದ್ದಳು. ಇಬ್ಬರು ಒಬ್ಬನ ಬೆನ್ನನ್ನೇ ಮೇಜು ಮಾಡಿಕೊಂಡು ಏನೋ ಬರೆಯುತ್ತಿದ್ದರು.

"ಇದು ದಿನಾ ಹೀಗೇನಾ?" ಎಂದು ಗೇಟಿನವನನ್ನು ಕೇಳಿದರು.

"ಶಂಟಿಂಗ್ ಸ್ವಾಮಿ. ಯಾರ್ಡು ದೊಡ್ಡದು ಮಾಡಿದಾಗಿನಿಂದ ಇದೇ ಪೂಜೆ." ಗೇಟಿನವನು ಮೇಷ್ಟ್ರ ಕೈಯಲ್ಲಿದ್ದ ಚಾಕ್‌ಪೀಸ್ ಡಬ್ಬಿ ನೋಡಿದ. "ನೀವೇನಾ ಆ ಬೆಳಗಿನ ಮೇಷ್ಟ್ರು? ಈ ಮಕ್ಕಳು ನಿಮಗೆ ಎಷ್ಟು ಹೆದರ್ತಾರೆ ಅಂತೀರಿ. ನೋಡಿದ್ರೆ ಹಾಗೆ ಕಾಣಲ್ಲ."

ದಾರಿಯುದ್ದಕ್ಕೂ ಮೇಷ್ಟ್ರಿಗೆ ನಾಚಿಕೆಯಾಯಿತು. ಆದರೆ ಅದರ ಅಡಿಯಿಂದ ಇನ್ನೇನೋ ಒಂದು ಒಸರುತ್ತಿತ್ತು, ತಣ್ಣಗೆ. ಶಾಲೆಯ ಮೆಟ್ಟಿಲ ಹತ್ತಿರ ಬಂದಾಗ ಅದೇನೆಂದು ಗೊತ್ತಾಯಿತು. ಮಕ್ಕಳ ತಲೆ ಸರಿಯಾಗಿತ್ತು. ಅವರ ಮನೆಗಳೂ ಕಾರಣವಲ್ಲ, ಮನೆಯ ಮಾತೂ ಅಲ್ಲ, ಅಪ್ಪನ ಕೆಲಸವೂ ಅಲ್ಲ. ಕೆಟ್ಟದ್ದು ಒಂದು ಪೀರಿಯಡ್ಡು. ಪೀರಿಯಡ್ಡನ್ನು ಎತ್ತಿ ಇಡಬಹುದು.

ಶುಕ್ರವಾರ ಮೀಟಿಂಗಿನಲ್ಲಿ ಅವರು ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೂಟಿನ ಮಾತು ಬಂದಾಗ ಸಮಾಜ ವಿಜ್ಞಾನದವರು ಚಹಾ ನುಂಗಲಾರದೆ ಕೆಮ್ಮಿದರು. ಹೆಡ್‌ಮಿಸ್ಟ್ರೆಸ್ಸಿನ ಕನ್ನಡಕ ಹಣೆಗೇರಿತು.

"ಇಷ್ಟು ವರ್ಷ ನಿಮಗೆ ಗೊತ್ತೇ ಆಗಲಿಲ್ವಾ?"

"ನಾನು ಬೋರ್ಡು ನೋಡ್ತಿದ್ದೆ ಮೇಡಂ."

ಆಕೆ ಕನ್ನಡಕವನ್ನು ಮೂಗಿಗಿಳಿಸಿ ಹೇಳಿದರು: "ಪೀರಿಯಡ್ ಬದಲಾಯಿಸೋಣ. ತಡವಾದ್ರೆ ಮನೆಯವರನ್ನ ಕರೆಸೋ ಕಟ್ಟಳೆನೂ ತೆಗೆಯೋಣ. ಆದ್ರೆ ಮೇಲಿನವರಿಗೆ ಬಾಯಿಮಾತು ಸಾಲೋದಿಲ್ಲ. ಅವಧಿ ಕೊನೆ ಪರೀಕ್ಷೆವರೆಗೆ ತಡೀರಿ ಅಂತ ನಾನು ಕೇಳ್ತೀನಿ. ಅಷ್ಟರಲ್ಲಿ ಆ ಮಕ್ಕಳು ಎದ್ದು ನಿಲ್ಲಬೇಕು. ಇಲ್ಲದಿದ್ರೆ ಸರಳ ಗಣಿತವೇ ಗತಿ."

ಲೆಕ್ಕ ಗಂಟೆಯ ನಂತರದ ಮೂರನೇ ಪೀರಿಯಡ್ಡಿಗೆ ಬಂತು. ಆ ಜಾಗ ಬಿಟ್ಟುಕೊಟ್ಟವರು ಸಮಾಜ ವಿಜ್ಞಾನದವರು. "ನಂದು ಊಟದ ನಂತರ ಹಾಕಿ ಪರವಾಗಿಲ್ಲ. ಹೇಗಿದ್ರೂ ನಿದ್ದೆ ಮಾಡ್ತಾರೆ, ನೆಮ್ಮದಿಯಾಗಿ ಮಾಡಲಿ" ಎಂದರು. ಸಂಜೆ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಹಳಿಯಾಚೆಯವರನ್ನು ಕೂರಿಸಿಕೊಂಡು, ವರ್ಷದ ಮೊದಲಿನಿಂದ ತಪ್ಪಿಹೋದ ಕಥೆಯ ಆರಂಭಗಳನ್ನು ಒಂದೊಂದಾಗಿ ಹೇಳಿದರು. ಕಿಟಕಿ ಕಡೆಯ ಮಕ್ಕಳೂ ಕೆಲವರು ಕರೆಯದೆ ಬಂದು ಕೂತರು. ನೋಡಿ, ಬರೀಬೇಡಿ ಎಂಬ ಅಪ್ಪಣೆ ರದ್ದಾಯಿತು.

ಪರೀಕ್ಷೆ ಆಯಿತು. ಉತ್ತರ ಪತ್ರಿಕೆಗಳ ಕಟ್ಟು ಮನೆಗೆ ಬಂತು. ಭಾನುವಾರದ ಮಧ್ಯಾಹ್ನ ಮೇಷ್ಟ್ರು ಅದನ್ನು ಮೇಜಿನ ಮೇಲಿಟ್ಟು, ದಾರ ಬಿಚ್ಚದೆ, ಸುತ್ತಲೂ ತಿರುಗಾಡಿದರು.

"ಅದೇನು ಹಾವಿನ ಬುಟ್ಟಿನೇನ್ರೀ? ಬಿಚ್ಚಿ" ಎಂದರು ಹೆಂಡತಿ.

"ಇವರು ಬಿದ್ದರೆ ತಪ್ಪು ನಂದು. ಶಿಕ್ಷೆ ಅವರದು."

ಹೆಂಡತಿ ಕೈ ಒರೆಸಿಕೊಂಡು ಬಂದು ಗಂಟು ಬಿಚ್ಚಿ ಎದುರಿಗೆ ಕೂತರು. ಮೇಷ್ಟ್ರು ಹುಡುಕಿ ಮೊದಲು ಎಳೆದುಕೊಂಡದ್ದು ಲಾಯರಮ್ಮನ ಪತ್ರಿಕೆಯನ್ನು. ಮೊದಲ ದೊಡ್ಡ ಲೆಕ್ಕದ ಉತ್ತರ ತಪ್ಪಾಗಿತ್ತು. ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ತಂದರು. ಆಮೇಲೆ ಸಾಲು ಸಾಲಾಗಿ ಮೇಲಿನಿಂದ ಇಳಿದರು. ಎಲ್ಲ ಸಾಲೂ ಇತ್ತು. ಎಲ್ಲಿಂದ ಹೊರಡಬೇಕೋ ಅಲ್ಲಿಂದ ಹೊರಟು, ಯಾವುದನ್ನು ಸಮಚಿಹ್ನೆಯ ಆಚೆಗೆ ಕಳಿಸಬೇಕೋ ಕಳಿಸಿ, ಕೊನೆಯಲ್ಲಿ ಕೂಡುವಾಗ ಒಂದು ಕೈತಪ್ಪು. ಮಾರ್ಜಿನ್ನಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: 'ದಾರಿ ಸರಿ ಇದೆ ಸಾರ್, ಉತ್ತರ ನೋಡಿ ಪೂರ್ತಿ ಮಾರ್ಕು ಕಿತ್ತುಕೊಳ್ಳಬಾರದು.'

ಮೇಷ್ಟ್ರು ನಕ್ಕರು. ಮೊದಲು ಮೆಲ್ಲಗೆ, ಆಮೇಲೆ ಭುಜ ನೋಯುವಷ್ಟು. ಕಣ್ಣಲ್ಲಿ ನೀರು ಬಂದು ಕನ್ನಡಕ ತೆಗೆದರು.

"ಏನಾಯ್ತು?"

"ತಪ್ಪು ಮಾಡಿದ್ದಾಳೆ ಕಣೇ. ಎಷ್ಟು ಚೆನ್ನಾಗಿ ಮಾಡಿದ್ದಾಳೆ ಗೊತ್ತಾ. ಇಂಥ ತಪ್ಪು ದಾರಿ ಗೊತ್ತಿದ್ದವರು ಮಾತ್ರ ಮಾಡೋದು."

ಸಂಜೆ ಬೆಳಕು ಇಳಿಯುವ ಮುಂಚೆ ಕಟ್ಟು ಮುಗಿಯಿತು. ಎಲ್ಲರೂ ಪಾಸಾಗಿರಲಿಲ್ಲ. ಹಳಿಯಾಚೆ ಮೂವರು ನಾಲ್ವರು ಬಿದ್ದಿದ್ದರು, ಈಚೆಯೂ ಅಷ್ಟೇ ಜನ. ಆ ಸಮಪಾಲು ಮೇಷ್ಟ್ರಿಗೆ ಕಲ್ಲುಸಕ್ಕರೆಯಂತೆ ಸಿಹಿಯಾಯಿತು. ಅಷ್ಟು ದಿನ ಎದೆಯಲ್ಲಿದ್ದ ಮುಳ್ಳನ್ನು ಮುಟ್ಟಿ ನೋಡಿಕೊಂಡರು. ಇದ್ದ ಜಾಗ ಮಾತ್ರ ಇತ್ತು.

"ಇನ್ನಾದ್ರೂ ತಿರುಗಿ ನೋಡೋದು ಕಲಿತ್ರಲ್ಲ" ಎಂದರು ಹೆಂಡತಿ, ಕಟ್ಟಿಗೆ ಮತ್ತೆ ದಾರ ಸುತ್ತುತ್ತ. "ಇಷ್ಟು ವರ್ಷ ನಾನೂ ಸಂಸಾರ ಮಾಡಿದ್ದು ನಿಮ್ಮ ಬೆನ್ನಿನ ಜೊತೆನೇ. ಪೇಪರು ಓದುವಾಗ ಬೆನ್ನು, ಪಾತ್ರೆ ತೊಳೆಯುವಾಗ ಬೆನ್ನು."

"ಪಾತ್ರೆ ತೊಳೆಯುವಾಗ ನಿನ್ನ ಮುಖ ನೋಡ್ತಾ ನಿಂತ್ರೆ ಲೋಟ ಒಡೆಯುತ್ತೆ."

"ಒಡೆಯಲಿ. ಲೋಟ ಬೇರೆ ತರಬಹುದು."

ಸೋಮವಾರ ಹೆಡ್‌ಮಿಸ್ಟ್ರೆಸ್ಸು ಮೇಲಿನ ಕಚೇರಿಗೆ ಫೋನು ಮಾಡಿದರು. ಮೇಷ್ಟ್ರು ಬಾಗಿಲ ಬಳಿ ನಿಂತಿದ್ದರು. ಆಕೆ ಹೂಂ, ಹೂಂ ಎಂದು ಕೇಳಿ, ಕನ್ನಡಕವನ್ನು ಹಣೆಗೇರಿಸದೆ, ಮೂಗಿಗಿಳಿಸದೆ, ಪೂರ್ತಿ ತೆಗೆದು ಮೇಜಿನ ಮೇಲಿಟ್ಟರು. "ಸರಳ ಸೆಕ್ಷನ್ ಬೇಡವಂತೆ. ಹೋಗಿ, ನಿಮ್ಮ ಪೀರಿಯಡ್ಡಿಗೆ ತಡ ಆಗುತ್ತೆ" ಎಂದರು.

ಮೂರನೇ ಪೀರಿಯಡ್ಡು. ಬಿಸಿಲು ಕಿಟಕಿಯಿಂದ ಒಳಗೆ ಬಂದು ಬಾಗಿಲ ಕಡೆಯ ಬೆಂಚಿನವರೆಗೆ ಮುಟ್ಟಿತ್ತು. ಭುಜ ಅಷ್ಟಿಷ್ಟು ಸಡಿಲಾಗಿತ್ತು. ಮೇಷ್ಟ್ರು ಹೊಸ ಲೆಕ್ಕ ಬರೆಯತೊಡಗಿದರು. ಅರ್ಧ ಸಾಲು ಬರೆದು ತಿರುಗಿ ನೋಡಿದರು. ಎಲ್ಲರೂ ಇದ್ದರು. ಮತ್ತೆ ಅರ್ಧ ಸಾಲು, ಮತ್ತೆ ತಿರುಗಿದರು. ಎಲ್ಲರೂ ಇದ್ದರು. ಎಷ್ಟು ಸಲ ನೋಡಿದರೂ ಸಾಲದೆನಿಸಿತು.

"ಸಾರ್" ಎಂದು ಲಾಯರಮ್ಮ ಕೈ ಎತ್ತಿದಳು. "ನಿಮ್ಮ ಸಾಲು ಕೆಳಗಿಳೀತಿದೆ."

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ನಿಜ. ತಿರುಗಿದಲ್ಲೆಲ್ಲ ಕೈ ಜಾರಿ, ಸಾಲು ಒಂದು ಕಡೆಗೆ ಇಳಿಜಾರಾಗಿತ್ತು. ಏಣಿಯ ಮೇಲಿನ ತಂದೆ ಕಂಡಿದ್ದರೆ ಕುಂಚ ಕಿತ್ತುಕೊಳ್ಳುತ್ತಿದ್ದರು.

"ಇಳೀಲಿ ಬಿಡಮ್ಮ" ಎಂದರು ಮೇಷ್ಟ್ರು. "ನಿನಗೆ ಅಲ್ಲಿಂದ ಕಾಣಿಸುತ್ತೆ ತಾನೇ?"

"ಈಗ ಬೋರ್ಡಿನ ಮೊದಲನೇ ಸಾಲಿಂದಾನೇ ಕಾಣಿಸುತ್ತೆ ಸಾರ್" ಎಂದಳು ಅವಳು, ಪೆನ್ನು ತೆಗೆದುಕೊಳ್ಳುತ್ತ.